ಅಮಾವಾಸ್ಯೆಯ ದಿನ ಸುಮ್ಮನಾದ ಡಬ್ಬಿ

ಎಂಬತ್ತರ ದಶಕದ ಕೊನೆಗೆ ಹಾನಗಲ್ಲಿನ ನಮ್ಮ ಮನೆಗೆ ಒಂದು ಕಂಪ್ಯೂಟರ್ ಬಂತು. ಹುಬ್ಬಳ್ಳಿಯ ಯಾವುದೋ ಆಫೀಸಿನವರು ಬೇಡವೆಂದದ್ದನ್ನು ನಾನು ಗಾದಿಯಲ್ಲಿ ಸುತ್ತಿ ಟೆಂಪೋದಲ್ಲಿ ತಂದಿದ್ದೆ. ಓಣಿಯವರೆಲ್ಲ ಬಂದು ನೋಡಿ, ಟಿವಿ ಅಲ್ಲವೆಂದು ತಿಳಿದ ಮೇಲೆ ಎದ್ದು ಹೋದರು. ನಾನು ಬಂಕಾಪುರದ ಹೈಸ್ಕೂಲಿನಲ್ಲಿ ಗಣಿತ ಮಾಸ್ತರ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಈಗ ಅದರ ಜೊತೆಗೆ ಜಂಬವೂ ಸೇರಿತು.

ಅಕ್ಕ ಊರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ನಮ್ಮ ಭಾಗದ ಭತ್ತದ ಗದ್ದೆಗಳಲ್ಲಿ ಬೆಳೆಯುವ ಕಳೆಗಳ ಮೇಲೆ ಪಿಎಚ್‌ಡಿಗೆ ಬರೆಯುತ್ತಿದ್ದಳು. ಎರಡು ಸಲ ಮುಂದೂಡಿದ್ದ ವಿಶ್ವವಿದ್ಯಾಲಯ ಇದೇ ಕೊನೆಯ ಗಡುವು ಎಂದು ಪತ್ರ ಹಾಕಿತ್ತು. ತಪ್ಪಿದರೆ ಆರು ವರ್ಷ ಕೆಸರು ತುಳಿದದ್ದೆಲ್ಲ ನೀರುಪಾಲು. ಅಂಥ ಹೊತ್ತಿನಲ್ಲಿ ಕಾಗದ ಮುಂದಿಟ್ಟುಕೊಂಡು ಕೂತವಳನ್ನು ತಡೆದವನು ನಾನೇ. "ಸೀದಾ ಇದರಾಗ ಬರಿ. ಕಾಗದ ಹರೀತದ, ಇದು ಹರಿಯಂಗಿಲ್ಲ" ಎಂದೆ. ಮೂರು ಅಧ್ಯಾಯಗಳನ್ನು ಅವಳು ನೇರ ಅದರಲ್ಲೇ ಬರೆದಳು.

ನಾಲ್ಕನೆಯದು ನಡೆದಿರುವಾಗ ಸಪ್ಪಳ ಶುರುವಾಯಿತು. ಯಾರೂ ಕೀಲಿ ಒತ್ತಿಲ್ಲ, ಪರದೆಯ ಮೇಲೆ ಒಂದು ಅಕ್ಷರವೂ ಕದಲಿಲ್ಲ. ಆದರೆ ಬರೆದದ್ದನ್ನೆಲ್ಲ ಒಳಗೆ ಹಿಡಿದಿಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಮಾತ್ರ ತನ್ನಷ್ಟಕ್ಕೆ ಕಟ್ ಕಟ್ ಕರ್ರ್ ಎನ್ನುತ್ತಿತ್ತು. ಮುಂದಿನ ಕೆಂಪು ದೀಪ ಮಿಣುಕಿ ಆರುತ್ತಿತ್ತು.

"ಯಾಕೋ ತಮ್ಮಾ, ಒಳಗ ಏನೋ ಕಡೀತದಲ್ಲ?" ಅಂದಳು ಅಕ್ಕ.

"ನಿನಗ ತಿಳಿಯಂಗಿಲ್ಲ, ಸುಮ್ನಿರು. ಅದು ಹಂಗ ಇರ್ತದ" ಎಂದು ರೇಗಿದೆ. ಅವಳು ಮತ್ತೆಂದೂ ಕೇಳಲಿಲ್ಲ.

ಮಾರನೆಯ ದಿನ ಬಂಕಾಪುರದಿಂದ ಹುಬ್ಬಳ್ಳಿಯ ಮೆಕ್ಯಾನಿಕ್‌ಗೆ ಟ್ರಂಕ್ ಕಾಲ್ ಹಚ್ಚಿದೆ. ಎಲ್ಲ ಕೇಳಿಸಿಕೊಂಡು, "ಡಿಸ್ಕ್ ಹೋಗೂ ಲಕ್ಷಣ ಸರ. ಅದರಾಗ ಇದ್ದದ್ದನ್ನ ಲಗೂನ ಫ್ಲಾಪಿಗೆ ಹಾಕ್ಕೋರಿ" ಎಂದ. ನಕಲು ಇಳಿಸಿಕೊಳ್ಳುವ ಫ್ಲಾಪಿ ಡ್ರೈವ್ ಕೆಟ್ಟು ಅವನ ಅಂಗಡಿಯಲ್ಲೇ ಬಿದ್ದಿತ್ತು. ಅದರ ಭಾಗ ಇನ್ನೂ ಮುಂಬೈಯಿಂದ ಬರಬೇಕಿತ್ತು. ಪ್ರಿಂಟರ್ ಮೊದಲೇ ಇರಲಿಲ್ಲ. ಕಂಪ್ಯೂಟರಿನ ಡಬ್ಬಿಯನ್ನೇ ತರಲೇ ಎಂದರೆ, "ಆ ರಸ್ತೆ ಮ್ಯಾಲ ತರಬ್ಯಾಡ್ರಿ, ಉಳಿದದ್ದೂ ಹೋಗ್ತದ" ಎಂದ.

ಅಂದಿನಿಂದ ನನಗೆ ಅನ್ನ ರುಚಿಸಲಿಲ್ಲ. ಅಕ್ಕನಿಗೆ ಹೇಳುವ ಧೈರ್ಯವಂತೂ ಇರಲಿಲ್ಲ. ಸಾಲೆಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರೆ, ಇಷ್ಟೊತ್ತಿಗೆ ಮನೆಯಲ್ಲಿ ಅದು ಸತ್ತಿರಬಹುದೆಂದು ಕೈ ನಿಲ್ಲುತ್ತಿತ್ತು. ಮನೆಯಲ್ಲಿದ್ದಾಗ ಡಬ್ಬಿಗೆ ಕಿವಿ ಹಚ್ಚಿ, ಸಪ್ಪಳ ಬಂದ ಹೊತ್ತನ್ನು ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದೆ. ಮುಂಜಾನೆ ಎಂಟರಿಂದ ಹತ್ತು, ಸಂಜೆ ಐದರಿಂದ ಏಳು. ನೌಕರಿಗೆ ಹಚ್ಚಿದಂತೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮುಚ್ಚಳ ಬಿಚ್ಚಿ ಧೂಳು ಊದಿದೆ, ವೈರುಗಳನ್ನು ಅದುಮಿ ಕೂಡಿಸಿದೆ, ಇಲಿ ಹೊಕ್ಕಿದೆಯೇನೋ ಎಂದು ಬ್ಯಾಟರಿ ದೀಪ ಬಿಟ್ಟು ನೋಡಿದೆ. ಏನೂ ಸಿಗಲಿಲ್ಲ. ಅಕ್ಕ ಬಾಗಿಲಲ್ಲಿ ಬಂದು ನಿಂತರೂ ಸಾಕು, "ಏನದ ಇಲ್ಲಿ?" ಎಂದು ಹರಿಹಾಯುತ್ತಿದ್ದೆ.

"ಇದಕ ಯಾವುದೋ ಗಾಳಿ ಬಡದೈತಿ. ಒಂದ ಲಿಂಬಿಹಣ್ಣ ನಿವಾಳಿಸಿ ಒಗಿ" ಎಂದು ಅವ್ವ ದಿನಕ್ಕೊಮ್ಮೆ ಹೇಳುತ್ತಿದ್ದಳು. ಅವಳಿಗೂ ಬೈದೆ.

ಒಂದು ಭಾನುವಾರ ಎಂಟಕ್ಕೇ ಡಬ್ಬಿಯ ಮುಂದೆ ಕೂತೆ. ಎಂಟೂವರೆ ಆಯಿತು, ಒಂಬತ್ತಾಯಿತು, ಸಪ್ಪಳವೇ ಇಲ್ಲ. ಹೋಯಿತು, ಪ್ರಾಣವೇ ಹೋಯಿತು ಎಂದು ಕಡತ ತೆರೆದೆ. ಅಧ್ಯಾಯಗಳು ಇದ್ದವು. ಹಾಗಾದರೆ ಸುಮ್ಮನಾದದ್ದೇಕೆ?

ಹಿಂದೆ ಬಂದು ನಿಂತಿದ್ದ ಅವ್ವ, "ದೆವ್ವಾಗಿದ್ರ ಇವತ್ತ ಕುಣೀಬೇಕಿತ್ತಲೋ. ಇವತ್ತ ಅಮಾಸಿ" ಎಂದಳು.

ಅಮಾವಾಸ್ಯೆ! ಮನೆಯ ಹಿಂದೆಯೇ ಹಿಟ್ಟಿನ ಗಿರಣಿ. ಅದರ ಸದ್ದು ಎಷ್ಟು ರೂಢಿಯಾಗಿತ್ತೆಂದರೆ ಅದು ನನ್ನ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಅಮಾವಾಸ್ಯೆಯಂದು ಗಿರಣಿಯವರು ಯಂತ್ರಕ್ಕೆ ಪೂಜೆ ಮಾಡಿ ಕದ ಹಾಕುತ್ತಿದ್ದರು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ದೊಡ್ಡ ಮೋಟಾರ್ ಕುಂಡ್ರಿಸಿ ಹದಿನೈದು ದಿನಾತರಿ ಸರ" ಎಂದರು ಗಿರಣಿಯ ಯಜಮಾನರು. "ಚಾಲೂ ಮಾಡಿದ್ರ ಓಣಿ ದೀಪಾ ಎಲ್ಲಾ ಮಂದ ಆಗ್ತಾವಂತ. ಇವತ್ತ ಮಾತ್ರ ಹಚ್ಚು ಅನಬ್ಯಾಡ್ರಿ, ನಾಳೆ ಬರ್ರಿ."

ಹಗಲು ನಮ್ಮ ಮನೆಯಲ್ಲಿ ದೀಪ ಹಚ್ಚುತ್ತಿರಲಿಲ್ಲ. ಸಂಜೆ ದೀಪ ಮಂದವಾಗುವುದು ನಮ್ಮೂರಲ್ಲಿ ಹೊಸದೇನಲ್ಲ. ಹಾಗಾಗಿ ನನಗೆ ಹೊಳೆದಿರಲಿಲ್ಲ. ಮರುದಿನ ನೋಡಿದೆ: ಗಿರಣಿ ಶುರುವಾದರೆ ಕರೆಂಟು ಇಳಿಯುತ್ತಿತ್ತು, ಡಿಸ್ಕ್ ತಡವರಿಸಿ ಕಟಕಟ ಎನ್ನುತ್ತಿತ್ತು, ನಿಂತರೆ ಅದೂ ನಿಲ್ಲುತ್ತಿತ್ತು. ಶಿಗ್ಗಾಂವಿಯ ಗೆಳೆಯನ ಮನೆಯಿಂದ ಕರೆಂಟನ್ನು ಸಮವಾಗಿಡುವ ಸ್ಟೆಬಿಲೈಸರ್ ಹೊತ್ತು ತಂದು ಜೋಡಿಸಿದೆ. ಸಂಜೆ ಗಿರಣಿ ಗುಡುಗಿತು. ಡಬ್ಬಿ ತೆಪ್ಪಗಿತ್ತು. ನನಗೆ ಅಳುವೇ ಬಂದಿತು.

ಅಡಿಗೆಮನೆಗೆ ಹೋಗಿ ಅಕ್ಕನಿಗೆ ಎಲ್ಲ ಒದರಿದೆ. ಮೆಕ್ಯಾನಿಕ್ ಹೇಳಿದ್ದು, ನಾನು ಮುಚ್ಚಿಟ್ಟದ್ದು, ಎಲ್ಲ. "ನಿನ್ನ ಥೀಸಿಸ್ ಉಳೀತು ಬೇ" ಎಂದೆ.

ಅವಳು ಒಳಗೆ ಹೋಗಿ, ಹಾಸಿಗೆಗಳ ರಾಶಿಯ ಕೆಳಗಿನಿಂದ ಐದು ನೋಟ್‌ಬುಕ್ ತೆಗೆದುಕೊಂಡು ಬಂದಳು. ಮೇಲಿನದನ್ನು ತೆರೆದು ದೂರದಿಂದಲೇ ತೋರಿಸಿದಳು. ಮೂರೂ ಅಧ್ಯಾಯ, ಪರದೆ ನೋಡಿ ನೋಡಿ ಕೈಯಿಂದ ಇಳಿಸಿಕೊಂಡದ್ದು.

"ಸಪ್ಪಳ ಆದ ಮೊದಲನೇ ದಿನಾನ ನನಗ ಹೆದರಿಕಿ ಆಗಿತ್ತು. ಕಾಲೇಜಿನಿಂದ ಬಂದು, ನೀ ಬರೂದ್ರಾಗ ಬರೀತಿದ್ದೆ."

"ನನಗ ಯಾಕ ಹೇಳಲಿಲ್ಲ?"

ಒಲೆಯ ಮುಂದಿದ್ದ ಅವ್ವ, "ನಿನಗ ಹೇಳೂದಾ?" ಎಂದು ಮುಖ ತಿರುಗಿಸಿದಳು.

"ಸಿಟ್ಟ ಬಂತೇನೋ ತಮ್ಮಾ?" ಎಂದಳು ಅಕ್ಕ, ಸಣ್ಣ ದನಿಯಲ್ಲಿ.

ಇಲ್ಲವೆಂದು ತಲೆಯಾಡಿಸಿ ಕೈ ಚಾಚಿದೆ. ಅವಳು ನೋಟ್‌ಬುಕ್ ಕೊಡಲಿಲ್ಲ. ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.