ಕೂಡಿಸಿದ ಹೆಣ

ಜಮಖಂಡಿಯ ಕಾಲೇಜಿನಲ್ಲಿ ನಾವು ಎನ್‌ಸಿಸಿ ಕೆಡೆಟ್‌ಗಳಾಗಿದ್ದಾಗ ದಿನಾ ಬೆಳಿಗ್ಗೆ ಒಬ್ಬನಾದರೂ ಸಾಯುತ್ತಿದ್ದ. ಓಟದಲ್ಲಿ ಸುಸ್ತಾಗಿ ಬಿದ್ದವನನ್ನು ನಾವು ಸತ್ತನೆಂದೇ ಸಾರುತ್ತಿದ್ದೆವು. ನಮ್ಮ ಕಡೆ ಬಹಳ ಮನೆತನಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಭಜನೆ ಮಾಡಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ನಾವೂ ಬಿದ್ದವನನ್ನು ಗೋಲ್ ಕಂಬಕ್ಕೆ ಆನಿಸಿ, ಚಕ್ಕಳಮಕ್ಕಳ ಕೂಡಿಸಿ, ಗ್ರೌಂಡಿಗೆ ಗೆರೆ ಹಾಕುವ ಸುಣ್ಣವನ್ನೇ ಹಣೆಗೆ ಬಳಿದು, ಸುತ್ತ ನಿಂತು ತಾಳ ಹಾಕುತ್ತಿದ್ದೆವು. ಮಧ್ಯಾಹ್ನದೊಳಗೆ ಅವನ ಫೋಟೊ 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಸಾಲಿನೊಂದಿಗೆ ಎಲ್ಲರ ಮೊಬೈಲ್ ಸ್ಟೇಟಸ್ಸಿನಲ್ಲಿ ಇರುತ್ತಿತ್ತು. ದಂಡ ಹೊಡೆಯುವಾಗ ಮೂಗು ನೆಲಕ್ಕೆ ತಾಗಿದವನಿಗೆ, ಮಣ್ಣಿನ ಪರಿಚಯ ಮಾಡ್ಕೊಲೇ, ನಾಳೆ ಅಲ್ಲೇ ಸಂಸಾರ ಎನ್ನುತ್ತಿದ್ದೆವು. ರಬಕವಿಯ ನೇಕಾರರ ಮಗನಾದ ನಾನು ಸತ್ತರೆ ಹೊದಿಸುವ ಸೀರೆ ಮಗ್ಗದ ಮೇಲೇ ತಯಾರಿರುತ್ತದಂತೆ. ಬಾಡಗಂಡಿಯಲ್ಲಿ ಕಬ್ಬು ಬೆಳೆಯುವ ಮನೆಯ ನನ್ನ ಗೆಳೆಯನನ್ನು ಟ್ರ್ಯಾಕ್ಟರಿನಲ್ಲಿ ಒಯ್ದರೆ, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಪಾಳಿಯಲ್ಲಿ ಹೆಣ ಎರಡು ದಿನ ಕಾಯಬೇಕಂತೆ.

ಆ ಗೆಳೆಯನೂ ನಾನೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು, ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದೆವು. ಆ ವರ್ಷ ದಿಲ್ಲಿಯ ಗಣರಾಜ್ಯೋತ್ಸವದ ಪರೇಡಿಗೆ ನಮ್ಮ ಕಾಲೇಜಿನಿಂದ ಒಬ್ಬನಿಗೆ ಮಾತ್ರ ಜಾಗವಿತ್ತು. ಓಟದಲ್ಲಿ ನಾನು ಮೊದಲನೆಯವ, ಅವನು ಎರಡನೆಯವ. ಅಲ್ಲಿಗೆ ಹೋಗಿ ಬಂದರೆ ಫೌಜಿನ ಬಾಗಿಲು ಅರ್ಧ ತೆರೆದಂತೆಯೇ ಎಂದು ನಂಬಿದ್ದೆ. ಬೇರೆ ಯಾವುದರ ಮೇಲೂ ನನಗೆ ಮನಸ್ಸಿರಲಿಲ್ಲ.

ಆಯ್ಕೆಗೆ ಎಂಟು ದಿನ ಇರುವಾಗ ಕೋಣೆಯಲ್ಲೇ ಎರಡು ಸಲ ಕಣ್ಣಿಗೆ ಕತ್ತಲೆಗಟ್ಟಿ ಬಿದ್ದೆ. ಜಮಖಂಡಿಯಲ್ಲಿ ತೋರಿಸಿದರೆ ಸುದ್ದಿ ಗ್ರೌಂಡಿಗೆ ಮುಟ್ಟುತ್ತದೆಂದು ಇಬ್ಬರೂ ಮುಧೋಳಕ್ಕೆ ಹೋದೆವು. ಅಲ್ಲಿನ ಡಾಕ್ಟರು ಎದೆಬಡಿತ ಸರಿಯಿಲ್ಲ, ದೊಡ್ಡ ಆಸ್ಪತ್ರೆಯಲ್ಲಿ ತೋರಿಸುವ ತನಕ ಓಡಬೇಡ ಎಂದರು. ಗೆಳೆಯನ ಕಡೆ ತಿರುಗಿ, ಇವನು ಬಿದ್ದರೆ ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿ, ಎಬ್ಬಿಸಿ ಕೂಡಿಸಿದೆಯೋ ಜೀವಕ್ಕೆ ಅಪಾಯ ಎಂದು ಎರಡೆರಡು ಸಲ ಹೇಳಿದರು. ಯಾರಿಗೂ ಹೇಳಬೇಡ ಎಂದು ಬಸ್ಸಿನಲ್ಲಿ ಅವನ ಕೈ ಹಿಡಿದುಕೊಂಡೆ.

"ನಾ ಅದೇನಿಲೇ. ನೀ ಬಿದ್ರ ನಾ ನೋಡ್ಕೋತೇನಿ" ಎಂದ.

ದಡ್ಡ ನಾನು, ನಂಬಿ ಮರುದಿನವೂ ಓಡಿದೆ.

ಆಯ್ಕೆಯ ಹಿಂದಿನ ದಿನ ಬೆಳಿಗ್ಗೆ, ಮೂರನೇ ಸುತ್ತಿನಲ್ಲಿ ಬಿದ್ದೆ. ಕಣ್ಣು ಕಾಣಲಿಲ್ಲ, ಕೈಕಾಲು ಮಾತು ಕೇಳಲಿಲ್ಲ, ಕಿವಿ ಮಾತ್ರ ತೆರೆದಿತ್ತು. ಹುಡುಗರು ಹೋ ಎಂದು ಓಡಿ ಬಂದರು. ಇನ್ನೇನು ಗೆಳೆಯ ಬರುತ್ತಾನೆ, ಕಾಲು ಎತ್ತಿ ಹಿಡಿಯುತ್ತಾನೆ ಎಂದುಕೊಂಡೆ. ಬಂದ.

"ಕೂಡಸ್ರಲೇ, ಸಾಹುಕಾರ್ರು ಲಿಂಗೈಕ್ಯ ಆದ್ರು."

ದನಿ ಅವನದೇ. ನನ್ನನ್ನು ಕಂಬಕ್ಕೆ ಆನಿಸಿದರು. ಸುಣ್ಣ ಬಳಿದ ಕೈಯೂ ಅವನದೇ. ಅವನ ತಾಮ್ರದ ಉಂಗುರ ಹಣೆಗೆ ತಣ್ಣಗೆ ತಾಗಿತು. ತಾಳ ಶುರುವಾಯಿತು. ಆಮೇಲೆ ಕಿವಿಯೂ ಮುಚ್ಚಿಹೋಯಿತು.

ಎಚ್ಚರಾದಾಗ ಅಂಗಾತ ಮಲಗಿದ್ದೆ. ನಮಗೆ ಕವಾಯತು ಕಲಿಸುವ ಹವಾಲ್ದಾರರು ನನ್ನ ಕಾಲುಗಳನ್ನು ತಮ್ಮ ಹೆಗಲ ಮೇಲೆ ಇಟ್ಟುಕೊಂಡು ಬೈಯುತ್ತಿದ್ದರು. ನಿನ್ನ ಗೆಳೆಯ ನಿನ್ನೆ ಸಂಜೆಯೇ ನಮ್ಮ ಮನೆಗೆ ಬಂದು ಎಲ್ಲ ಹೇಳಿದ್ದಾನೆ, ನಾಳೆಯ ಆಯ್ಕೆಯ ಪಟ್ಟಿಯಲ್ಲಿ ನಿನ್ನ ಹೆಸರು ತೆಗೆದು ಅವನದು ಬರೆದಾಗಿದೆ, ಇವತ್ತು ಓಡಬೇಡ ಎನ್ನಲೆಂದೇ ಬರುತ್ತಿದ್ದೆ ಎಂದರು. ಸುತ್ತ ನಿಂತ ಹುಡುಗರ ಮುಖದಲ್ಲಿ ರಕ್ತವಿರಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವರಿಗೇನು ಗೊತ್ತಿತ್ತು, ಪಾಪ. ನಾನೇ ಅವರ ಜಾಗದಲ್ಲಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ತಾಳ ಹಾಕುತ್ತಿದ್ದೆ.

ಗೊತ್ತಿದ್ದವನು ಮೂರು ದಿನ ಕೋಣೆಯ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ದಿಲ್ಲಿಗೆ ಒಯ್ಯುವ ಟ್ರಂಕು ತೆಗೆದುಕೊಳ್ಳಲು ಬಂದ. ಅದನ್ನು ಎತ್ತಿಕೊಂಡು ಹೊರಟಾಗ ಬಾಗಿಲಿಗೆ ಅಡ್ಡ ನಿಂತೆ. ಹೊಡೆಯಬೇಕೆಂದು ಕೈ ಎತ್ತಿದ ನನಗೇ ಅಳು ಬಂತು, ಥೂ. ಹವಾಲ್ದಾರರ ಮನೆಯಲ್ಲಿ ತೆರೆದ ಬಾಯಿ ಗ್ರೌಂಡಿನಲ್ಲಿ ಯಾಕೆ ತೆರೆಯಲಿಲ್ಲ ಎಂದು ಕೇಳಿದೆ. ಗ್ರೌಂಡಿನಲ್ಲಿ ಹೇಳಿದ್ದರೆ ಚಾಡಿ ಹೇಳಿದವನು ತಾನೇ ಎಂದು ಎಲ್ಲರಿಗೂ ತಿಳಿಯುತ್ತಿತ್ತು ಎಂದ. ನಾನು ಕದಲಲಿಲ್ಲ. ಅವನು ಟ್ರಂಕು ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈ ಹಾಕಿದ.

"ನೀ ಸಾಯ್ಬೇಕಂತ ನನಗೇನ ಇರಲಿಲ್ಲಲೇ. ನಿನ್ನ ಹೆಸರು ಹೋದ್ರ ಸಾಕಾಗಿತ್ತು."

ಸಮಾಧಾನ ಮಾಡುವ ದನಿಯಲ್ಲೇ ಹೇಳಿದ.