ಹೊಗೆರಾಯ ಅಕ್ಕನಿಗೆ ಕೊಡಿಸಿದ ಥಾಯ್ ಊಟ

ದೊಡ್ಡ ಊರಿಗೆ ಹೋದವರು ಥಾಯ್ ಊಟ ಎಲ್ಲಿ ಮಾಡಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರಿಗೆ ಕುರ್ಚಿ ಮೆತ್ತಗಿರಬೇಕು, ಇನ್ನೊಬ್ಬರಿಗೆ ತಟ್ಟೆಯ ಫೋಟೊ ಚೆನ್ನಾಗಿ ಬರಬೇಕು. ಹೊಗೆರಾಯನನ್ನು ಕೇಳಿದ್ದರೆ ಚಿಮಣಿ ನೋಡಿ ಹೇಳುತ್ತಿದ್ದ. ಆದರೆ ಹಿಂಬಾಗಿಲಲ್ಲಿ ಓಡಾಡುವವನನ್ನು ಯಾರು ಕೇಳುತ್ತಾರೆ?

ಹೊಗೆರಾಯ ಎನ್ನುವುದು ಅಡುಗೆಮನೆಯವರು ಇಟ್ಟ ಹೆಸರು. ಹೋಟೆಲಿನ ಒಲೆಗಳ ಮೇಲೆ ತಗಡಿನ ದೊಡ್ಡ ಗೂಡು ಇರುತ್ತದಲ್ಲ, ಹೊಗೆಯನ್ನು ಎಳೆದು ಕೊಳವೆಯಲ್ಲಿ ಆಚೆಗೆ ಕಳಿಸುವುದು, ಅದನ್ನು ಬಿಚ್ಚಿ, ತಿಕ್ಕಿ, ತೊಳೆದು ಮತ್ತೆ ಕೂಡಿಸುವುದು ಅವನ ಕಸುಬು. ಒಲೆ ಹಚ್ಚುವ ಮುಂಚೆ ಹಿಂಬಾಗಿಲಿಂದ ಒಳಹೊಕ್ಕು, ಗಿರಾಕಿಗಳು ಬರುವಷ್ಟರಲ್ಲಿ ಅದೇ ಬಾಗಿಲಿಂದ ಜಾಗ ಖಾಲಿ ಮಾಡಬೇಕು. ಕೊಳವೆಯೊಳಗೆ ಭುಜದವರೆಗೂ ಕೈ ಹಾಕಿದವನಿಗೆ ಹೋಟೆಲಿನ ಗುಟ್ಟೆಲ್ಲ ತಿಳಿಯುತ್ತದೆ. ಜಿಡ್ಡು ತೆಳ್ಳಗೆ ಹಳದಿಯಾಗಿದ್ದರೆ ಆ ಮನೆಯ ಎಣ್ಣೆ ಹೊಸದು. ಡಾಂಬರಿನಂತೆ ಕಪ್ಪಗೆ ಅಂಟಿದ್ದರೆ ಕಾಯಿಸಿದ್ದನ್ನೇ ಕಾಯಿಸುತ್ತಾರೆ, ಅಲ್ಲಿ ನೀರು ಕುಡಿಯುವುದಕ್ಕೂ ಎರಡು ಸಲ ಯೋಚಿಸಬೇಕು.

ಇಷ್ಟೆಲ್ಲ ಬಲ್ಲವನು ಅಕ್ಕನಿಗೆ ಮಾತ್ರ ತನ್ನ ಕೆಲಸ ಏನೆಂದು ಹೇಳಿರಲಿಲ್ಲ. ಅಮ್ಮ ಹೋದಾಗ ಅವನಿನ್ನೂ ಚಿಕ್ಕವನು, ಬೆಳೆಸಿದವಳು ಅಕ್ಕ. ಊರು ಬಿಟ್ಟು ಬಂದ ಹೊಸದರಲ್ಲಿ ಅವಳು ಫೋನಿನಲ್ಲಿ ಬಿಡದೆ ಕೇಳಿದಾಗ, "ಥಾಯ್ ಹೋಟೆಲಲ್ಲಿದ್ದೀನಿ ಅಕ್ಕ" ಎಂದಿದ್ದ. ಅದು ಸುಳ್ಳೇನಲ್ಲ. ಮುಂದಿನ ಸಲ, "ಅಲ್ಲಿ ನಾನು ಬರ್ದೇ ಇದ್ರೆ ಒಲೆ ಹತ್ತಲ್ಲ" ಎಂದ. ಅದೂ ಪೂರ್ತಿ ಸುಳ್ಳಲ್ಲ. ಅಕ್ಕನ ಬಾಯಲ್ಲಿ ಅದು ಬೆಳೆದು ಮೇಸ್ತ್ರಿಯಾಯಿತು, ಮ್ಯಾನೇಜರಾಯಿತು. ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅವಳು ಹೇಳಿಕೊಂಡು ಬಂದಳು. ಅಲ್ಲ ಎನ್ನಲು ಇವನಿಗೆ ಬಾಯಿ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಊರಿಗೆ ಹೋದಾಗ ಅವನಿಗೆ ನಿಜವಾದ ಕಷ್ಟ. ಅಕ್ಕನದು ಸೌದೆ ಒಲೆ, ಕಿಟಕಿಯಿಲ್ಲದ ಅಡುಗೆಮನೆ. ಗೋಡೆಯೆಲ್ಲ ಕಾಡಿಗೆ ಬಳಿದ ಹಾಗೆ. ಅವಳ ಕಣ್ಣು ವರ್ಷಪೂರ್ತಿ ಕೆಂಪು, ಕೆಮ್ಮು ಬೇರೆ. ಒಂದು ತಗಡಿನ ಗೂಡು, ಒಂದು ಕೊಳವೆ, ಗೋಡೆಗೊಂದು ತೂತು, ಇಷ್ಟು ಸಾಕೆಂದು ಅವನ ಕೈಗಳಿಗೆ ಗೊತ್ತಿತ್ತು. ಆದರೆ ಮ್ಯಾನೇಜರಾದವನಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಭಾವ ಕೇಳಿದರೆ? ಹೊಗೆರಾಯ ಕೈಗಳನ್ನು ಜೇಬಿಗೆ ತುರುಕಿಕೊಂಡು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ವಾಪಸು ಬಂದ ಮೇಲೆ ಶಾಲು ಕಳಿಸುತ್ತಿದ್ದ, ಕೈಗಡಿಯಾರ ಕಳಿಸುತ್ತಿದ್ದ. ಕಣ್ಣಿಗೆ ಹಾಕುವ ಔಷಧಿಯನ್ನಂತೂ ತಪ್ಪದೆ ಕಳಿಸುತ್ತಿದ್ದ.

ಹೀಗಿರುವಾಗ ಅಕ್ಕ, ಭಾವ, ಅವರ ಮಗಳು ಮೂವರೂ ದೊಡ್ಡ ಊರು ನೋಡಲು ಹೊರಟರು. ಆ ಹುಡುಗಿ ಫೋನಿನಲ್ಲಿ ಯಾವುದೋ ಥಾಯ್ ಸಾರಿನ ವಿಡಿಯೊ ನೋಡಿ ಆಸೆಪಟ್ಟಿದ್ದಳು. "ಮಾವನ ಹೋಟೆಲಲ್ಲೇ ಊಟ" ಎಂದು ಅಲ್ಲಿಂದಲೇ ತೀರ್ಮಾನವಾಗಿತ್ತು. ಹೊಗೆರಾಯ ರಾತ್ರಿಯೆಲ್ಲ ಯೋಚಿಸಿದ. ಕೊನೆಗೆ ಒಂದು ಉಪಾಯ ಹೂಡಿದ. ನಮ್ಮ ಹೋಟೆಲಿಗೆ ಇವತ್ತು ರಜೆ ಎನ್ನುವುದು, ತನ್ನ ಗುರುತು ಯಾರಿಗೂ ಇಲ್ಲದ, ಮುಖ್ಯರಸ್ತೆಯ ಗಾಜಿನ ಥಾಯ್ ಹೋಟೆಲಿಗೆ ಕರೆದೊಯ್ಯುವುದು. ಪಕ್ಕದ ಕೋಣೆಯವನಿಂದ ಒಂದು ಕೋಟನ್ನೂ ಎರವಲು ತಂದ.

ಗಾಜಿನ ಹೋಟೆಲಿನ ಮುಂದೆ ಭಾವ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೆ ತಮಾಷೆ ಮಾಡದಿದ್ದರೆ ಉಂಡದ್ದು ಅರಗದು.

"ಮ್ಯಾನೇಜರ್ ಸಾಹೇಬ್ರು ಇವತ್ತು ಬೇರೆಯವರ ಹೋಟೆಲಲ್ಲಿ ಊಟ ಹಾಕಿಸ್ತಾರೆ. ನಿಮ್ಮ ಅಡುಗೆ ಮೇಲೆ ನಿಮಗೇ ನಂಬಿಕೆ ಇಲ್ವೋ ಏನೋ."

"ಸುಮ್ನಿರಿ, ಪಾಪ ರಜೆ ಅಂದನಲ್ಲ" ಎಂದು ಅಕ್ಕ ಗದರಿದಳು. ಅವಳು ಚಪ್ಪಲಿಯ ಧೂಳನ್ನು ಕಾಲೊರಸಿನ ಮೇಲೆ ಎರಡೆರಡು ಸಲ ಉಜ್ಜಿ, ಶಾಲು ಸರಿಮಾಡಿಕೊಂಡು, ಒಳಗೆ ಹೋಗಲು ತಯಾರಾದಳು.

ಆಗ ಹೊಗೆರಾಯನ ಕಣ್ಣು ಪಕ್ಕದ ಗೋಡೆಗೆ ಹೋಯಿತು. ಕೊಳವೆಯ ಬಾಯಿಂದ ಕಪ್ಪು ಜಿಡ್ಡು ಗೋಡೆಗುಂಟ ಇಳಿದು ಗೆರೆಗೆರೆಯಾಗಿ ಗಟ್ಟಿಯಾಗಿತ್ತು. ಕಮಟು ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಜೊತೆಗೆ ಬೇರೆ ಯಾರಾದರೂ ಬಂದಿದ್ದರೆ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದ, ಮಾನ ಉಳಿಯುತ್ತಿತ್ತು. ಆದರೆ ನಿಂತಿದ್ದವಳು ಅಕ್ಕ. ಪಾತ್ರೆಯ ಮೊದಲ ಸೌಟು ಇವನ ತಟ್ಟೆಗೆ ಬಡಿಸಿ, ತಳದ್ದನ್ನು ಕೆರೆದು ತಾನು ಉಂಡವಳು. ಅವಳ ಬಾಯಿಗೆ ಈ ಎಣ್ಣೆ ಹಾಕಿಸುವುದು ಅವನಿಂದ ಆಗಲಿಲ್ಲ.

"ಇಲ್ಲಿ ಬೇಡ ಅಕ್ಕ. ನಮ್ಮಲ್ಲಿಗೇ ಹೋಗೋಣ."

"ರಜೆ ಅಂದ್ರಲ್ಲ?" ಎಂದರು ಭಾವ.

"ನಾನು ಹೇಳಿದ್ರೆ ತೆಗೀತಾರೆ."

ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಪುಣ್ಯಾತ್ಮ, ಬಿದ್ದ ಹಳ್ಳವನ್ನೇ ಮತ್ತಷ್ಟು ತೋಡುತ್ತಿದ್ದ.

ಅವನ ಮನಸ್ಸಿನಲ್ಲಿದ್ದದ್ದು ದೊಡ್ಡಮ್ಮನ ಹೋಟೆಲು. ಅಡುಗೆಮನೆಯವರೆಲ್ಲ ಹಾಗೆ ಕರೆಯುತ್ತಿದ್ದ ದೊಡ್ಡಮ್ಮ ಥಾಯ್ ದೇಶದ ಹೆಂಗಸು, ಈ ಊರಿಗೆ ಬಂದು ತಲೆ ನರೆತವಳು, ಬಾಣಲೆಯನ್ನು ಈಗಲೂ ಇನ್ನೊಬ್ಬರ ಕೈಗೆ ಕೊಡದವಳು. ಅವಳ ಕೊಳವೆಯಷ್ಟು ಶುದ್ಧವಾದ ಕೊಳವೆ ಊರಲ್ಲೇ ಇರಲಿಲ್ಲ. ದೊಡ್ಡಮ್ಮನಿಗೊಂದು ಕಣ್ಣು ಮಿಟುಕಿಸಿದರೆ ಮರ್ಯಾದೆ ಉಳಿಸಿಯಾಳು ಎಂಬ ಆಸೆ ಅವನಿಗೆ. ಆದರೆ ಆ ಬೀದಿಗೆ ಬಂದ ಮೇಲೆ ಅವನ ಕಾಲು ತಡವರಿಸಿತು. ಇಷ್ಟು ವರ್ಷ ಅಲ್ಲಿ ಕೆಲಸ ಮಾಡಿದ್ದರೂ ಅವನು ಆ ಹೋಟೆಲಿನ ಮುಂಬಾಗಿಲನ್ನು ಒಮ್ಮೆಯೂ ನೋಡಿರಲಿಲ್ಲ.

ಚಪ್ಪಲಿ ಅಂಗಡಿ ದಾಟಿದರು, ಔಷಧಿ ಅಂಗಡಿ ದಾಟಿದರು, ತಿರುವು ಸುತ್ತಿ ಮತ್ತೆ ಔಷಧಿ ಅಂಗಡಿಗೇ ಬಂದರು.

"ಮಾವ, ಇದು ಆಗ್ಲೇ ಬಂದಿತ್ತು" ಎಂದಳು ಹುಡುಗಿ.

"ಮ್ಯಾನೇಜರಿಗೆ ತನ್ನ ಹೋಟೆಲೇ ಕಳೆದುಹೋಯ್ತು ನೋಡು" ಎಂದರು ಭಾವ.

ಅಕ್ಕನಿಗೆ ನಡೆದು ಸಾಕಾಗಿತ್ತು. ಮಂಡಿ ಹಿಡಿದುಕೊಂಡು ಗೋಡೆಗೆ ಒರಗಿದಳು. ಅದನ್ನು ನೋಡಿದ ಹೊಗೆರಾಯ ಹೆಚ್ಚು ಯೋಚಿಸದೆ ಅವಳ ಕೈ ಹಿಡಿದು ಪಕ್ಕದ ಓಣಿಗೆ ನುಗ್ಗಿದ. ಖಾಲಿ ಡಬ್ಬಗಳ ರಾಶಿ, ಕಸದ ಪೀಪಾಯಿ, ಆಮೇಲೆ ತಗಡಿನ ಬಾಗಿಲು. ಆ ಬಾಗಿಲನ್ನು ಸ್ವಲ್ಪ ಎತ್ತಿ, ಬುಡಕ್ಕೆ ಕಾಲಲ್ಲಿ ಒದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ಕೋಟು ಹಾಕಿಕೊಂಡವನು ಅಭ್ಯಾಸಬಲದಿಂದ ಎತ್ತಿದ, ಒದ್ದ, ಒಳಗೆ ಕಾಲಿಟ್ಟ.

ದೊಡ್ಡಮ್ಮ ಬಾಣಲೆಯಿಂದ ತಲೆಯೆತ್ತಿದಳು. ಕಣ್ಣು ಮಿಟುಕಿಸಲು ಸಮಯವೇ ಸಿಗಲಿಲ್ಲ.

"ಏನಪ್ಪಾ ಹೊಗೆರಾಯ, ಮೊನ್ನೆ ತಾನೇ ಚಿಮಣಿ ತಿಕ್ಕಿ ಹೋದೆ. ಇವತ್ತೇನು ಕೋಟು ಹಾಕ್ಕೊಂಡು ಬಂದಿದ್ದೀಯ?"

ಹೊಗೆರಾಯ ಇಂಗು ತಿಂದ ಮಂಗನಂತೆ ನಿಂತುಬಿಟ್ಟ. ಭಾವ ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು. ಇಷ್ಟು ವರ್ಷದ ಸುಳ್ಳು ಒಂದು ಒದೆತಕ್ಕೆ ಬಾಗಿಲಿನ ಜೊತೆಗೇ ತೆರೆದುಕೊಂಡಿತ್ತು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಮ್ಮಕ್ಕ" ಎಂದ ಕಡೆಗೆ.

"ಹಾಗಾದ್ರೆ ಕೂರಿಸು, ನಿಂತ್ಕೊಂಡು ಏನು ನೋಡ್ತಿದ್ದೀಯ? ಮುಂದೆ ಜಾಗ ಇಲ್ಲ, ಇಲ್ಲೇ ಕೂತ್ಕೊಳ್ಳಿ" ಎಂದು ದೊಡ್ಡಮ್ಮ ಕೆಲಸದವರು ಉಣ್ಣುವ ಮೂಲೆಯ ಮೇಜನ್ನು ತೋರಿಸಿದಳು. ನಿಂಬೆಹುಲ್ಲಿನ ಘಮದ ಹುಳಿಖಾರದ ಸಾರು ಬಂತು, ತೆಂಗಿನಹಾಲಿನ ಹಸಿರು ಗೊಜ್ಜು ಬಂತು, ಬಿಸಿ ಅನ್ನ ಬಂತು. ಹುಡುಗಿ ಫೋಟೊ ತೆಗೆಯುವುದನ್ನೂ ಮರೆತು ಸೊರ್ರೆಂದು ಸಾರು ಕುಡಿಯತೊಡಗಿದಳು. ಭಾವ ಮೂಗು ಒರೆಸಿಕೊಳ್ಳುತ್ತ ಎರಡನೇ ಬಟ್ಟಲು ಕೇಳಿದರು. ಹೊಗೆರಾಯ ಮಾತ್ರ ಖಾಲಿ ಬಟ್ಟಲು ಮುಂದಿಟ್ಟುಕೊಂಡು ಅಕ್ಕನ ಮುಖವನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ದೊಡ್ಡಮ್ಮ ಕಾದ ಬಾಣಲೆಗೆ ಹಿಡಿ ಮೆಣಸಿನಕಾಯಿ ಎಸೆದಳು. ಚುಂಯ್ ಎಂದ ಸದ್ದಿಗೆ ಅಕ್ಕ ಬೆಚ್ಚಿ, ಶಾಲಿನ ಅಂಚಿನಿಂದ ಮೂಗು ಬಾಯಿ ಮುಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕೆಮ್ಮಿಗೆ ಕಾದು ಕುಳಿತಳು. ಕೆಮ್ಮು ಬರಲಿಲ್ಲ. ಮೆಲ್ಲಗೆ ಕಣ್ಣು ಬಿಟ್ಟಳು. ಬಾಣಲೆಯ ಹೊಗೆ ಒಂದಿಷ್ಟೂ ಚದುರದೆ ನೆಟ್ಟಗೆ ಮೇಲೇರಿ ಗೂಡಿನೊಳಗೆ ಹೋಗುತ್ತಿತ್ತು. ದೊಡ್ಡಮ್ಮ ಬಾಣಲೆಯ ಮೇಲೆಯೇ ಬಗ್ಗಿ ಹಾಡು ಗುನುಗುತ್ತಿದ್ದಳು.

ಅಕ್ಕ ಎದ್ದು ಒಲೆಯ ಹತ್ತಿರ ಹೋದಳು. ಗೂಡಿನ ಕೆಳಗೆ ನಿಂತು ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಇದು ನಿನ್ನ ಕೆಲ್ಸಾನಾ?"

"ಹೂಂ."

"ಬರೀ ತಿಕ್ಕೋದಾ?"

"ಕೆಲವು ಕಡೆ ಹೊಸದಾಗಿ ಕೂಡಿಸೋದೂ ನಾನೇ."

"ನಮ್ಮನೆಯಂಥ ಸೌದೆ ಒಲೆಗೆ ಕೂಡಿಸೋಕಾಗಲ್ವಾ?"

ಹೊಗೆರಾಯ ನೆಲ ನೋಡಿದ. "ಆಗುತ್ತೆ. ಅರ್ಧ ದಿನದ ಕೆಲ್ಸ."

"ಅರ್ಧ ದಿನ" ಎಂದಳು ಅಕ್ಕ. ಅವಳ ದನಿ ಏರಲಿಲ್ಲ. "ಇದೆಲ್ಲ ಗೊತ್ತಿದ್ದೂ ಕಣ್ಣಿಗೆ ಔಷಧಿ ಕಳಿಸ್ತಾ ಕೂತಿದ್ಯಲ್ಲೋ."

ಮಾನ ಹೋದಾಗ ಬಾರದ ನೀರು ಈಗ ಅವನ ಕಣ್ಣಿಗೆ ಬಂತು. ಆ ಅಡುಗೆಮನೆಯಲ್ಲಿ ಕಣ್ಣು ಒದ್ದೆಯಾದದ್ದು ಅವನೊಬ್ಬನದೇ.

ಅಕ್ಕ ವಾಪಸು ಬಂದು ಕುಳಿತಳು. ಎರಡನೇ ಸಲ ಬಂದ ಪಾತ್ರೆಯ ಸಾರನ್ನು ಕಲಕಿ, ಮೊದಲ ಸೌಟನ್ನು ಅವನ ಬಟ್ಟಲಿಗೆ ಬಡಿಸಿದಳು.

"ಉಣ್ಣು. ನಾಳೆ ನಮ್ಮ ಜೊತೆ ಹೊರಡು. ಏನೇನು ಸಾಮಾನು ಬೇಕೋ ಎಲ್ಲ ತಗೊಂಡು ಬಾ" ಎಂದಳು. "ಆ ಕೋಟು ಯಾರದೋ, ಅವರಿಗೆ ಕೊಟ್ಟು ಬಾ."