ಬೆಂಕಿಪೊಟ್ಟಣದಲ್ಲಿ ಬಂದ ನಾಲ್ಕು ಹುಳುಗಳು

“ಗೂಡು ತೂತು ಮಾಡುತ್ತೆ ಅಂದ್ರಲ್ಲ ಮೇಡಂ, ಇದೇನಾ?” ಎನ್ನುತ್ತಾ ನಾರಾಯಣಮ್ಮ ಬೆಂಕಿಪೊಟ್ಟಣ ತೆರೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ನಾಲ್ಕು ಸತ್ತ ಹುಳುಗಳು. ಒಂದೊಂದೂ ರಾಗಿ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ನನಗೆ ನಾಚಿಕೆಯಾಯಿತು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ದಿಬ್ಬೂರಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ಈಕೆ ಹಿಂದಿನ ವಾರ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ ಫೋಟೊದಲ್ಲಿ ಇದೇ ಕಂದು ಹುಳು ಪರದೆ ತುಂಬ ಕಂಡಿತ್ತು. ಗಾತ್ರ ಕೇಳದೆಯೇ ‘ರೇಷ್ಮೆಗೂಡು ಕೊರೆಯುವ ದುಂಬಿ’ ಎಂದು ಬರೆದುಬಿಟ್ಟಿದ್ದೆ. ಆ ದುಂಬಿ ಇದರ ಮೂರರಷ್ಟಿರುತ್ತದೆ. ಲೆನ್ಸಿನಡಿ ನೋಡಿದರೆ ಇದು ಬರೀ ಬೂಷ್ಟು ತಿಂದು ಬದುಕುವ ಬಡಪಾಯಿ. ವಿಚಾರಿಸಿದರೆ, ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ತೇವಕ್ಕೆ ಬೂಷ್ಟು ಹಿಡಿದಿದ್ದವು.

“ಚಂದ್ರಿಕೆ ಬಿಸಿಲಲ್ಲಿ ಒಣಗಿಸಿ, ಸಾಕು” ಎಂದೆ.

“ಒಣಗಿಸ್ತೀನಮ್ಮ. ಆದ್ರೆ ನಮ್ಮನೆ ಚಂದ್ರಿಕೆ ಇಸ್ಕೊಂಡು ಹೋಗ್ತಿದ್ದೋರು, ಈ ಹುಳ ಅವ್ರ ಮನೆಗೂ ಬರುತ್ತೆ ಅಂತ ಈಗ ಹೊಸಿಲು ದಾಟಲ್ಲ. ನೀವೇ ಬಂದು ಹೇಳ್ಬೇಕು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅಂದು ಮಧ್ಯಾಹ್ನವೇ ಅವರ ಜೊತೆ ಬಸ್ಸು ಹತ್ತಿದೆ. ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ, ಪೊಟ್ಟಣ ತೆರೆದು ತೋರಿಸಿ, ತಪ್ಪು ನನ್ನದು ಎಂದೆ.

ಈಗಲೂ ನಾರಾಯಣಮ್ಮ ಹುಳುಗಳ ಫೋಟೊ ಕಳಿಸುತ್ತಾರೆ. ಪ್ರತಿ ಫೋಟೊದಲ್ಲೂ ಹುಳುವಿನ ಪಕ್ಕ ಒಂದು ರಾಗಿ ಕಾಳು ಇರುತ್ತದೆ. ನಾನು ಹೇಳಿಕೊಟ್ಟದ್ದಲ್ಲ.